ಮುಳುಗುವ ಹನಿ

ಮೈಲುತುತ್ತದ ನೀಲಿ ದ್ರಾವಣದೊಳಗೆ ಒಂದು ಹನಿ ರಕ್ತವನ್ನು ಬಿಟ್ಟಾಗ ಅದು ತಳಕ್ಕಿಳಿದರೆ ಆ ರಕ್ತದಲ್ಲಿ ಸಾಕಷ್ಟು ಕಬ್ಬಿಣವಿದೆ ಎಂದರ್ಥ, ತೇಲಿದರೆ ಇಲ್ಲವೆಂದರ್ಥ. ಹನಿ ಮುಳುಗಿದವರು ರಕ್ತ ಕೊಡಬಹುದು, ತೇಲಿದವರು ಮನೆಗೆ ಹೋಗಬೇಕು. ಇದಕ್ಕಿಂತ ಸರಳವಾದ, ಪ್ರಾಮಾಣಿಕವಾದ ಪರೀಕ್ಷೆಯನ್ನು ನಾನು ಕಾಲೇಜಿನಲ್ಲಿ ಕಲಿತಿರಲಿಲ್ಲ. ದ್ರಾವಣದ ಸಾಂದ್ರತೆ ಮಾತ್ರ ಕರಾರುವಾಕ್ಕಾಗಿರಬೇಕು: ನೀರಿನದು ಒಂದು ಎಂದಾದರೆ ಇದರದು ಒಂದು ಬಿಂದು ಸೊನ್ನೆ ಐದು ಮೂರು. ಆಸ್ಪತ್ರೆಯ ರಕ್ತನಿಧಿಯಲ್ಲಿ ಆ ಅಂಕಿಯನ್ನು ಕಾಯುವುದು ನನ್ನ ಕೆಲಸ. ಪ್ರತಿದಿನ ಬೆಳಿಗ್ಗೆ ದ್ರಾವಣವನ್ನು ಹೊಸದಾಗಿ ಕಲಸಿ, ಗಾಜಿನ ತೇಲುಮಾಪಕವನ್ನು ಅದರಲ್ಲಿ ಇಳಿಬಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಅಂಕಿಯನ್ನು ಓದಿ, ಆಮೇಲೆ ದೊಡ್ಡ ಬಾಟಲಿಗೆ ತುಂಬಿಸಿ ಮೇಜಿನ ಮೇಲಿಡುತ್ತಿದ್ದೆ.

ಆ ಮೇಜಿಗೂ ಹೊರಗಿನ ಕೋಣೆಗೂ ನಡುವೆ ಒಂದು ಹಲಗೆಯ ಗೋಡೆ. ಅದರಲ್ಲಿ ಅಂಗೈಯಗಲದ ಕಿಂಡಿ. ಕಿಂಡಿಯಿಂದ ಬೆರಳು ಒಳಗೆ ಬರುತ್ತದೆ. ನಾನು ಚುಚ್ಚಿ, ಹನಿ ಬಿಟ್ಟು, ‘ಸರಿ’ ಎಂದೋ ‘ಇಲ್ಲ’ ಎಂದೋ ಹೇಳುತ್ತೇನೆ. ಹಲಗೆ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತಿದ್ದರಿಂದ ಬಂದವರ ಬೆರಳು ಮತ್ತು ಪಾದರಕ್ಷೆ ಎರಡೇ ನನಗೆ ಕಾಣುತ್ತಿದ್ದವು. ಮುಖಗಳನ್ನು ನೋಡುವವಳು ಹೊರಗಿದ್ದ ದಾದಿ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ರಕ್ತ ತೆಗೆಯುವವಳು ಅವಳು. ತೆಗೆದ ಮೇಲೆ ಕೊಟ್ಟವರಿಗೆ ನೀಲಿ ಕಾಗದದ ಬಿಸ್ಕತ್ತಿನ ಪೊಟ್ಟಣ ಮತ್ತು ಒಂದು ಲೋಟ ಸಿಹಿ ಪಾನಕ ಕೊಡುವವಳೂ ಅವಳೇ. ನನ್ನನ್ನು ಅವಳು ‘ವಿಜ್ಞಾನಿ’ ಎಂದು ಕರೆಯುತ್ತಿದ್ದಳು. ನಮ್ಮ ವಿಜ್ಞಾನಿ ಮದುವೆಯ ಗಂಡನ್ನೂ ನೀಲಿ ನೀರಿನಲ್ಲಿ ಮುಳುಗಿಸಿ ನೋಡದೆ ಒಪ್ಪುವವಳಲ್ಲ ಎಂದು ಬಂದಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ದೇಶದ ಬ್ಯಾಂಕುಗಳು ದಿವಾಳಿಯಾಗಿ ಬಾಗಿಲು ಹಾಕುವ ಮುನ್ನ ನಮ್ಮಲ್ಲಿಗೆ ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಹಾಕಿದ ಮೇಲೆ ಸಾಲು ಗೇಟನ್ನು ದಾಟಿ ಬೀದಿಗಿಳಿಯಿತು. ರಕ್ತಕ್ಕೆ ನಾವು ಹಣ ಕೊಡುವುದಿಲ್ಲ. ಜನ ಬರುತ್ತಿದ್ದುದು ಬಿಸ್ಕತ್ತಿಗೆ. ಬಿಸ್ಕತ್ತು ಹೊರದೇಶದ ದಾನವಾದ್ದರಿಂದ ಅದೊಂದು ನಮ್ಮಲ್ಲಿ ಮುಗಿದಿರಲಿಲ್ಲ. ಹೀಗಾದದ್ದು ಹೇಗೆಂದು ನನಗೆ ತಿಳಿಸಿಕೊಟ್ಟವನು ಹಲಗೆಯ ಆಚೆ ಮಲಗಿ ರಕ್ತ ಕೊಡುತ್ತಿದ್ದ ಖಜಾನೆಯ ಗುಮಾಸ್ತ. ದೇಶ ಒಂದೇ ಒಂದು ಅದಿರನ್ನು ಮಾರಿ ಬದುಕುತ್ತಿತ್ತಂತೆ. ಆ ಧೈರ್ಯದ ಮೇಲೆ ಹೊರಗಿನವರಿಂದ ಸಾಲ ತಂದು, ಗೋಧಿಯನ್ನೂ ಎಣ್ಣೆಯನ್ನೂ ಅಗ್ಗದಲ್ಲಿ ಹಂಚಿ, ಹಂಚಿದವರು ಚುನಾವಣೆಗಳನ್ನು ಗೆದ್ದರಂತೆ. ಅದಿರಿನ ಬೆಲೆ ಬಿದ್ದ ವರ್ಷವೇ ಸಾಲ ಕೊಟ್ಟವರು ಕದ ತಟ್ಟಿದರು. ಸಂಬಳ ಕೊಡಲು ಉಳಿದದ್ದು ಅಚ್ಚಿನ ಯಂತ್ರವೊಂದೇ.

“ಸಾಲ ಮಾಡಿ ತುಪ್ಪ ತಿಂದ್ವಿ ದೊಡ್ಡಮ್ಮ,” ಎಂದು ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. “ತುಪ್ಪ ಮುಗೀತು, ನೋಟು ಅಚ್ಚು ಹಾಕಿದ್ವಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನಾನು ಮೊನ್ನೆ ಹಾಸಿಗೇನೇ ಮಾರಿದೆ. ಈಗ ಎಷ್ಟು ಬೇಕಾದ್ರೂ ಚಾಚಬಹುದು.”

ದೊಡ್ಡಮ್ಮ ನಕ್ಕಳು. ಆದರೆ ಅವನಿಗೆ ಅವಳು ಎರಡು ಪೊಟ್ಟಣ ಕೊಟ್ಟ ಸದ್ದು ನನಗೆ ಕೇಳಿಸಿತು.

ಮೊದಲ ತಿಂಗಳುಗಳಲ್ಲಿ ತೇಲುವ ಹನಿಗಳು ಹೆಚ್ಚುತ್ತ ಹೋದವು. ಮೂವರಲ್ಲಿ ಒಬ್ಬರಿಗೆ ‘ಇಲ್ಲ’ ಎನ್ನುವಂತಾಯಿತು. ಹೊಟ್ಟೆಗಿಲ್ಲದವರ ರಕ್ತ ಹಗುರವಾಗುವುದು ಸಹಜ. ಆ ಏರಿಕೆ ನನಗೆ ಅಚ್ಚರಿ ತರಲಿಲ್ಲ. ಅಚ್ಚರಿ ತಂದದ್ದು ಇಳಿಕೆ. ಬೇಸಿಗೆಯ ನಡುವೆ ಹನಿಗಳು ಮತ್ತೆ ಮುಳುಗತೊಡಗಿದವು. ಬೆಳಗಿನ ಮೊದಲ ಕೆಲವು ಬೆರಳುಗಳನ್ನು ಬಿಟ್ಟರೆ ದಿನವಿಡೀ ‘ಸರಿ, ಸರಿ’ ಎನ್ನುವುದೇ ಆಯಿತು. ಕಾರಣವಿಲ್ಲದೆ ಫಲಿತಾಂಶ ಬದಲಾಗದು ಎಂದು ಕಲಿತವಳು ನಾನು, ಕಾರಣವನ್ನು ಹುಡುಕಿದೆ. ಹಲಗೆಯ ಕೆಳಗೆ ಸಿಕ್ಕಿತು. ಮೊದಲು ಅಲ್ಲಿ ಸವೆದ ರಬ್ಬರಿನ ಚಪ್ಪಲಿಗಳಿದ್ದವು. ಈಗ ಚರ್ಮದ ಬೂಟುಗಳು ಬಂದಿದ್ದವು, ಪಾಲಿಶ್ ಮಾಡಿದವು. ಇಂಜಿನಿಯರುಗಳು, ಉಪಾಧ್ಯಾಯರು, ಬಾಗಿಲು ಹಾಕಿದ ಬ್ಯಾಂಕುಗಳ ಅಧಿಕಾರಿಗಳು ಸಾಲಿಗೆ ಸೇರಿದ್ದರು. ಇವರು ನಿನ್ನೆಯವರೆಗೂ ಚೆನ್ನಾಗಿ ಉಂಡವರು, ಆದ್ದರಿಂದ ಇವರ ರಕ್ತ ಇನ್ನೂ ಗಟ್ಟಿ. ಈ ವಿವರಣೆ ನನಗೆ ಎಷ್ಟು ಒಪ್ಪಿತವಾಯಿತೆಂದರೆ ರಕ್ತ ಕೊಟ್ಟವರು ಮೆಟ್ಟಿಲ ಮೇಲೆ ತಲೆ ಸುತ್ತಿ ಬೀಳತೊಡಗಿದಾಗ ಬಿಸಿಲನ್ನು ದೂರಿದೆ.

ನಮ್ಮ ಮುಖ್ಯಸ್ಥರಿಗೂ ಒಪ್ಪಿತವಾಯಿತು. ಎಲ್ಲದರ ದಾಸ್ತಾನೂ ಬರಿದಾಗಿದ್ದ ದೇಶದಲ್ಲಿ ರಕ್ತದ ದಾಸ್ತಾನು ಮಾತ್ರ ಹಿಂದೆಂದಿಗಿಂತ ಹೆಚ್ಚಿದೆ ಎಂದು ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದರು. ನಮ್ಮ ಶೀತಪೆಟ್ಟಿಗೆಯ ಕದ ಒತ್ತಿ ಹಿಡಿದರೆ ಮಾತ್ರ ಮುಚ್ಚುತ್ತಿತ್ತು.

ಅದನ್ನು ಕಂಡಾಗಲೆಲ್ಲ ನನಗೆ ಅಕ್ಕನ ನೆನಪಾಗಿ ಸಮಾಧಾನವಾಗುತ್ತಿತ್ತು. ಅಕ್ಕ ತುಂಬಿದ ಬಸುರಿ. ಭಾವ ಕೆಲಸ ಮಾಡುತ್ತಿದ್ದ ಟೈರಿನ ಕಾರ್ಖಾನೆ ಮುಚ್ಚಿತ್ತು. ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಗುವ ಸಂಭವವಿದೆ, ರಕ್ತ ಸಿದ್ಧವಿರಲಿ ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದಳು. ಅಕ್ಕನದು ಯಾವ ಗುಂಪಿನ ರಕ್ತವನ್ನಾದರೂ ಒಪ್ಪಿಕೊಳ್ಳುವ ಜಾತಿ. ಅತ್ತೆಮನೆಯವರನ್ನೇ ಒಪ್ಪಿಕೊಂಡವಳಿಗೆ ರಕ್ತ ಯಾವ ಲೆಕ್ಕ ಎಂದು ಅವಳೇ ನಗುತ್ತಿದ್ದಳು. ಊಟಕ್ಕಿಲ್ಲದಿದ್ದರೂ ಅವಳ ತಲೆದಿಂಬಿನ ಪಕ್ಕ ಯಾವಾಗಲೂ ಬಿಸ್ಕತ್ತಿರುತ್ತಿತ್ತು. ಭಾವ ಎಲ್ಲಿಂದಲೋ ತರುತ್ತಾರೆ ಎಂದು ಹೆಮ್ಮೆಯಿಂದ ಹೇಳುತ್ತ ಒಂದನ್ನು ನನ್ನ ಕೈಗೂ ತುರುಕುತ್ತಿದ್ದಳು. ಭಾವ ಅದನ್ನು ಸ್ಟೀಲ್ ಡಬ್ಬಿಗೆ ಸುರಿದು ಇಡುತ್ತಿದ್ದುದರಿಂದ ಹೊದಿಕೆಯ ಕಾಗದವನ್ನು ನಾನು ಕಂಡಿರಲಿಲ್ಲ.

“ಏನಿಲ್ಲದಿದ್ರೂ ರಕ್ತಕ್ಕೆ ನಿಂಗೆ ಕೊರತೆ ಆಗಲ್ಲ ಕಣೇ,” ಎಂದು ಅವಳಿಗೆ ಮಾತು ಕೊಟ್ಟೆ. “ನಾನಿದ್ದೀನಿ.”

ನೋವು ಬಂದದ್ದು ಒಂದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು, ಹೆಣ್ಣು, ಆರೋಗ್ಯವಾಗಿತ್ತು. ರಕ್ತ ನಿಲ್ಲಲಿಲ್ಲ. ಮೊದಲ ಎರಡು ಚೀಲಗಳನ್ನು ನಾನೇ ಹೊಂದಾಣಿಕೆ ನೋಡಿ, ಎದೆಗವಚಿಕೊಂಡು ಹೆರಿಗೆಯ ವಾರ್ಡಿಗೆ ಒಯ್ದೆ. ಆಮೇಲೆ ಇನ್ನೆರಡು. ನಾಲ್ಕನೆಯದು ಮುಗಿದಾಗಲೂ ಅಕ್ಕನ ತುಟಿ ಸುಣ್ಣದ ಗೋಡೆಯಂತಿತ್ತು. ವೈದ್ಯೆ ಹೊರಗೆ ಬಂದಳು. ಸ್ರಾವ ಕಡಿಮೆಯಾಗಿದೆ, ಆದರೂ ರಕ್ತದ ಮಟ್ಟ ಒಂದು ಕೂದಲೆಳೆಯೂ ಏರಿಲ್ಲ ಎಂದಳು. ಖಾಲಿ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ಅಂಟಿಕೊಂಡಿದ್ದುದು ಕೆಂಪಾಗಿರಲಿಲ್ಲ, ಗುಲಾಬಿ ಬಣ್ಣದ್ದಾಗಿತ್ತು.

“ಇದೇನು ರಕ್ತಾನಾ, ಬಣ್ಣದ ನೀರಾ?” ಎಂದು ಕೇಳಿದಳು. “ಗಟ್ಟಿಯಾದ್ದು ಒಂದು ಚೀಲ ಬೇಕು. ಒಂದೇ ಒಂದು. ಸಂಜೆಯೊಳಗೆ ಸಿಗದಿದ್ರೆ ನನ್ನ ಕೈಲಿ ಏನೂ ಇಲ್ಲ.”

ರಕ್ತನಿಧಿಯವರೆಗೆ ಹೇಗೆ ಬಂದೆನೋ ತಿಳಿಯದು. ಮೊದಲು ಮಾಡಿದ್ದು ತೇಲುಮಾಪಕವನ್ನು ಹುಡುಕಿದ್ದು. ಅದನ್ನು ನಾನು ಬೆಳಿಗ್ಗೆ ಮಾತ್ರ ಬಳಸುತ್ತಿದ್ದೆ. ಒಮ್ಮೆ ಅಳೆದದ್ದು ಸಂಜೆಯವರೆಗೂ ಹಾಗೆಯೇ ಇರುತ್ತದೆ ಎಂಬುದನ್ನು ಪ್ರಶ್ನಿಸಲು ಕಾರಣವಿರಲಿಲ್ಲ. ಬಾಟಲಿಯ ದ್ರಾವಣವನ್ನು ಜಾಡಿಗೆ ಸುರಿದು ಇಳಿಬಿಟ್ಟೆ. ಅದು ಇಳಿಯಬೇಕಾದ್ದಕ್ಕಿಂತ ಆಳಕ್ಕೆ ಇಳಿಯಿತು. ಒಂದು ಬಿಂದು ಸೊನ್ನೆ ನಾಲ್ಕು ಮೂರು. ಒರೆಸಿ ಮತ್ತೆ ಬಿಟ್ಟೆ. ಅದೇ ಅಂಕಿ. ಈ ದ್ರಾವಣದಲ್ಲಿ, ನಿಲ್ಲಲು ಗೋಡೆ ಹಿಡಿದುಕೊಳ್ಳಬೇಕಾದವನ ರಕ್ತವೂ ಮುಳುಗುತ್ತದೆ.

ತಿರುಗಿದಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಜಾಡಿಯಲ್ಲಿದ್ದ ತೇಲುಮಾಪಕದ ಮೇಲಿತ್ತು.

“ನಾನೇ,” ಎಂದಳು. “ಬೆಳಿಗ್ಗೆ ನೀನು ಶೀತಪೆಟ್ಟಿಗೆ ನೋಡೋಕೆ ಹೋದಾಗ ಒಂದು ಚೊಂಬು ನಲ್ಲಿ ನೀರು. ದಿನಾ.”

“ಯಾಕೆ?” ಎಂದೆ.

“ನೀನು ಇಲ್ಲ ಅಂದಮೇಲೆ ಅವರು ಎಲ್ಲಿಗೆ ಹೋಗ್ತಾರೆ ಅಂತ ನೋಡಿದ್ದೀಯಾ? ನಿನ್ನ ಕಿಂಡಿಗೆ ಬರೋದು ಬರೀ ಬೆರಳು, ವಿಜ್ಞಾನಿ. ಮುಖ ಬರೋದು ನನ್ನ ಹತ್ರ. ಮಗೂನ ಸೊಂಟದ ಮೇಲಿಟ್ಕೊಂಡು, ಚುಚ್ಚಿಸ್ಕೊಂಡ ಬೆರಳನ್ನ ಬಾಯಲ್ಲಿಟ್ಕೊಂಡು, ಆ ಪೊಟ್ಟಣಾನ ನೋಡ್ತಾ ನಿಂತ್ಕೊಳ್ತಾರೆ. ಬಿಸ್ಕತ್ತು ಹಾಗೇ ಕೊಡೋಕೆ ಮುಖ್ಯಸ್ಥರು ಬಿಡಲ್ಲ. ಒಂದು ಚೀಲಕ್ಕೆ ಒಂದು ಪೊಟ್ಟಣ ಅಂತ ರುಜು ಹಾಕಬೇಕು.”

“ಅಕ್ಕನಿಗೆ ನಾಲ್ಕು ಚೀಲ ಹೋಗಿದೆ ದೊಡ್ಡಮ್ಮ.”

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಕುಳಿತವಳು ತೋಳನ್ನು ಮುಂದೆ ಚಾಚಿದಳು, ನನ್ನದನ್ನು ಮೊದಲು ನೋಡು ಎಂದು.

ದ್ರಾವಣವನ್ನು ಹೊಸದಾಗಿ ಕಲಸಿದೆ. ತೂಕ ತಪ್ಪಲಿಲ್ಲ. ಐದು, ಮೂರು. ದೊಡ್ಡಮ್ಮನ ಹನಿ ತೇಲಿತು. ನನ್ನ ಬೆರಳನ್ನು ಚುಚ್ಚಿಕೊಂಡೆ. ನನ್ನ ಹನಿ ಅರೆಗಳಿಗೆ ಯೋಚಿಸಿದಂತೆ ಮಧ್ಯದಲ್ಲಿ ನಿಂತು, ಮೇಲಕ್ಕೆ ಬಂದಿತು.

ಜಾಡಿಯನ್ನು ಎತ್ತಿಕೊಂಡು ಹಲಗೆಯ ಆಚೆಗೆ ಹೋದೆ. ಅಷ್ಟು ದಿನಗಳಲ್ಲಿ ಸಾಲನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಹೊಳೆಯುವ ಬೂಟುಗಳ ಮೇಲಿದ್ದ ದೇಹಗಳು ಗೂಟಕ್ಕೆ ತೂಗುಹಾಕಿದ ಅಂಗಿಗಳಂತಿದ್ದವು. ಕೆಲಸ ಹೋದ ಮೇಲೂ ಇವರಿಗೆ ಪಾಲಿಶ್ ಮಾಡುವ ಅಭ್ಯಾಸ ಹೋಗಿರಲಿಲ್ಲ, ಅಷ್ಟೆ. ಖಜಾನೆಯ ಗುಮಾಸ್ತನನ್ನು ದನಿಯಿಂದ ಗುರುತಿಸಿದೆ. ಧಡೂತಿ ಮನುಷ್ಯನಿರಬೇಕೆಂದುಕೊಂಡಿದ್ದೆ, ಕತ್ತಿನ ನರಗಳನ್ನು ಎಣಿಸಬಹುದಿತ್ತು. ವಿಷಯವನ್ನು ನೇರವಾಗಿ ಹೇಳಿದೆ. ಯಾರೂ ಹಿಂದೆ ಸರಿಯಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬೆರಳೊಡ್ಡಿದರು, ನಾನು ಹನಿ ಬಿಡುತ್ತ ಹೋದೆ. ಎಲ್ಲವೂ ತೇಲಿದವು. ನೀಲಿಯ ಮೇಲೆ ಕೆಂಪು ಕೆನೆ ಕಟ್ಟಿತು. ಜಾಡಿಯನ್ನು ಚೆಲ್ಲಿ ಮತ್ತೆ ತುಂಬಿಸಿದೆ.

ಅಷ್ಟರಲ್ಲಿ ಭಾವ ವಾರ್ಡಿನಿಂದ ಓಡಿಬಂದರು. ಹೆಂಡತಿಗೆ ತಮ್ಮ ರಕ್ತವನ್ನೇ ತೆಗೆದುಕೊಳ್ಳಿ ಎಂದರು. ನಾನು ಬೆರಳನ್ನು ಹಿಡಿಯುವ ಮೊದಲೇ ದೊಡ್ಡಮ್ಮ ಅವರ ತೋಳನ್ನು ಹಿಡಿದು ಅಂಗಿಯನ್ನು ಮೇಲಕ್ಕೆ ಸರಿಸಿದಳು. ಮೊಣಕೈಯ ಮಡಿಕೆಯಲ್ಲಿ ಹಳೆಯದು, ಹೊಸದು, ಅದಕ್ಕಿಂತ ಹೊಸದು ಸೂಜಿಯ ಗುರುತುಗಳು.

“ಇವರನ್ನ ಬಿಡು,” ಎಂದು ದೊಡ್ಡಮ್ಮ ಮೆಲ್ಲಗೆ ಹೇಳಿದಳು. “ಇವರು ಬೇರೆ ಬೇರೆ ಹೆಸರಲ್ಲಿ ಬರೋರು. ನಿಮ್ಮ ಭಾವ ಅಂತ ನಂಗೇನು ಗೊತ್ತು?”

ಭಾವ ನನ್ನ ಮುಖ ನೋಡಲಿಲ್ಲ. ನಾನು ಅವರ ಬೂಟುಗಳನ್ನು ನೋಡಿದೆ. ಬಲಗಾಲಿನದರ ಲಾಡಿ ಹಗ್ಗದ ತುಂಡು. ಆ ಹಗ್ಗವನ್ನು ಹಲಗೆಯ ಕೆಳಗೆ ನಾನು ಎಷ್ಟೋ ಸಲ ಕಂಡಿದ್ದೆ. ಆ ಬೆರಳನ್ನು ನಾನೇ ಚುಚ್ಚಿದ್ದೆ, ನಾನೇ ‘ಸರಿ’ ಎಂದಿದ್ದೆ. ಡಬ್ಬಿಯ ಬಿಸ್ಕತ್ತಿನ ರುಚಿ ಬಾಯೊಳಗೆ ಬಂದು ನಿಂತಿತು.

ಸಾಲಿನ ಕೊನೆಯಲ್ಲಿ ಯಾರೋ ಗೇಟಿನ ಕಡೆ ಬೊಟ್ಟು ಮಾಡಿದರು. ಅಲ್ಲಿ ಮರದ ಕೆಳಗೆ ಹಸಿರು ಮಾವ ಎಂದಿನಂತೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಹೊರದೇಶದ ಹಸಿರು ನೋಟುಗಳನ್ನು ಮಾರುವವನಾದ್ದರಿಂದ ಆ ಹೆಸರು. ಆಸ್ಪತ್ರೆಯ ಔಷಧಿಯನ್ನು ಕಾಳಸಂತೆಯಲ್ಲಿ ಕೊಳ್ಳಲು ಆ ನೋಟೇ ಬೇಕು; ಆದ್ದರಿಂದ ಜನ ಅವನಿಗೆ ಉಂಗುರ, ಗಡಿಯಾರ, ಹೊಲಿಗೆ ಯಂತ್ರ ಎಲ್ಲವನ್ನೂ ತಂದುಕೊಟ್ಟಿದ್ದರು. ಇಡೀ ಬೀದಿಯಲ್ಲಿ ನೆರಳು ದಪ್ಪವಾಗಿದ್ದುದು ಅವನದೊಂದೇ.

ಕೇಳಿಕೊಂಡಾಗ ಅವನ ಮುಖ ಬಿಳಿಚಿತು. “ಬೇರೆ ಏನಾದ್ರೂ ಕೇಳಮ್ಮ. ಸೂಜಿ ಅಂದ್ರೆ ನಂಗಾಗಲ್ಲ.”

“ಇಷ್ಟು ದಿನ ನಮ್ಮ ರಕ್ತ ಹೀರಿದ್ದೀಯಲ್ಲಪ್ಪ,” ಎಂದ ಖಜಾನೆಯ ಗುಮಾಸ್ತ, ಬೇಸರವೂ ಇಲ್ಲದ ದನಿಯಲ್ಲಿ. “ಒಂದು ಚೀಲ ವಾಪಸ್ ಕೊಡು. ಮಿಕ್ಕಿದ್ದನ್ನ ಬಿಟ್ಟುಕೊಟ್ವಿ.”

ಅವನು ಒಪ್ಪಿದ್ದು ಆ ಮಾತಿಗೋ, ಸಾಲು ಅವನ ಸುತ್ತ ಸದ್ದಿಲ್ಲದೆ ಬಂದು ನಿಂತದ್ದಕ್ಕೋ ಹೇಳಲಾರೆ. ಅವನ ಹನಿ ಜಾಡಿಗೆ ಬಿದ್ದದ್ದೇ ತಡ, ಕಲ್ಲಿನಂತೆ ತಳಕ್ಕೆ ಹೋಯಿತು. ಯಾರೋ ಉಸಿರುಬಿಟ್ಟರು. ಅಂಥ ಹನಿಯನ್ನು ಎಲ್ಲರೂ ಮರೆತುಬಿಟ್ಟಿದ್ದರು, ನಾನೂ. ಮಂಚದ ಮೇಲೆ ಅವನು ಕಣ್ಣು ಮುಚ್ಚಿಕೊಂಡು ತಾಯಿಯನ್ನು ಕರೆಯುತ್ತಿದ್ದ. ಚೀಲ ಕಪ್ಪುಗೆಂಪಾಗಿ ತುಂಬುತ್ತಿತ್ತು. ರೋಗಗಳ ಪರೀಕ್ಷೆಯನ್ನೂ ಹೊಂದಾಣಿಕೆಯನ್ನೂ ಮುಗಿಸಿ ನಾನು ಚೀಲವನ್ನು ಎತ್ತಿಕೊಂಡು ಹೊರಟಾಗ ದೊಡ್ಡಮ್ಮ ನಿಯಮದಂತೆ ಅವನ ಕೈಗೆ ನೀಲಿ ಪೊಟ್ಟಣ ಕೊಟ್ಟಳು. ಅವನು ಅದನ್ನು ಹರಿದು, ಒಂದಾದ ಮೇಲೆ ಒಂದರಂತೆ ಎಲ್ಲವನ್ನೂ ತಿಂದ. ಸಾಲು ಗೋಡೆಗೊರಗಿ ನೋಡುತ್ತಿತ್ತು. ಯಾರೂ ಬೈಯಲಿಲ್ಲ. ಪುಡಿ ನೆಲಕ್ಕೆ ಬಿದ್ದಾಗ ಮಾತ್ರ ಎಲ್ಲರ ಕಣ್ಣುಗಳೂ ಒಟ್ಟಿಗೆ ಕೆಳಗಿಳಿದವು.

ಅಕ್ಕ ಉಳಿದಳು. ಆ ಚೀಲ ಅರ್ಧ ಇಳಿಯುವಷ್ಟರಲ್ಲಿ ಅವಳ ಉಗುರಿನ ಬಣ್ಣ ಬದಲಾದುದನ್ನು ವೈದ್ಯೆ ನನಗೆ ತೋರಿಸಿದಳು.

ರಕ್ತನಿಧಿಗೆ ಹಿಂದಿರುಗಿ, ಶೀತಪೆಟ್ಟಿಗೆಯಲ್ಲಿದ್ದ ಚೀಲಗಳನ್ನೆಲ್ಲ ಬಳಸಬಾರದೆಂದು ಬರೆದು ಕದಕ್ಕೆ ಅಂಟಿಸಿದೆ. ದೊಡ್ಡಮ್ಮ ತನ್ನ ಕೈಚೀಲವನ್ನು ತೆಗೆದುಕೊಂಡು, ಮುಖ್ಯಸ್ಥರಿಗೆ ತಾನೇ ಹೇಳುವುದಾಗಿ ಮೇಲಿನ ಮಹಡಿಗೆ ಹೋಗಿದ್ದಳು. ನಾಳೆಯ ದ್ರಾವಣವನ್ನು ಅಂದೇ ಕಲಸಿದೆ. ಅಂಕಿಯನ್ನು ಎರಡು ಬಾರಿ ಓದಿದೆ. ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದು ಸರಿಯಾಗಿದ್ದರೆ ನಾಳೆ ಸಾಲಿನಲ್ಲಿ ನಿಂತವರಲ್ಲಿ ಒಬ್ಬರಿಗೂ ಪೊಟ್ಟಣ ಸಿಗದು. ಅದೂ ಅಷ್ಟೇ ಖಚಿತವಾಗಿತ್ತು.

ವಾರ್ಡಿಗೆ ಹೋದಾಗ ಅಕ್ಕ ಕಣ್ಣು ಬಿಟ್ಟಿದ್ದಳು. ಮಗು ಅವಳ ಪಕ್ಕದಲ್ಲಿ ಮುಷ್ಟಿ ಬಿಗಿಹಿಡಿದು ಮಲಗಿತ್ತು. ಭಾವ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡು ನಿಂತಿದ್ದರು. ಅಕ್ಕ ನನ್ನ ಕೈಹಿಡಿದು, ಕೊಟ್ಟ ಮಾತು ಉಳಿಸಿಕೊಂಡೆ ಎಂದಳು. ಆಮೇಲೆ ಒಣಗಿದ ತುಟಿಯನ್ನು ಸವರಿಕೊಂಡಳು.

“ಹಸಿವಾಗ್ತಿದೆ ಕಣೇ. ಇವರು ತರ್ತಾರಲ್ಲ, ಆ ಬಿಸ್ಕತ್ತು ಇದೆಯಾ ಕೇಳು.”

ಭಾವ ನನ್ನ ಕಡೆ ನೋಡಿದರು. ನಾನು ಜೇಬಿನಲ್ಲಿದ್ದ ಕಪಾಟಿನ ಬೀಗದ ಕೈಯನ್ನು ಹಿಡಿದುಕೊಂಡಿದ್ದೆ.