ಹುರುಳಿ ಹೊಟ್ಟು

ಮೂರನೇ ಸಲವೂ ಅಂಕಿ ಮೇಲೇಳಲಿಲ್ಲ. ಸಂಘಮಿತ್ರಾ ಕಿಣ್ವ ಅಳೆಯುವ ಯಂತ್ರವನ್ನು ಆರಿಸಿ, ಮತ್ತೆ ಹಾಕಿ, ಅದೇ ದ್ರಾವಣವನ್ನು ಇನ್ನೊಮ್ಮೆ ಇಟ್ಟು ನೋಡಿದಳು. ಅದೇ ಅಂಕಿ.

ಹಾಸನದ ಈ ಪ್ರಯೋಗಾಲಯದಲ್ಲಿ ಅವಳು ಬೂಷ್ಟು ಬೆಳೆಸತೊಡಗಿ ನಾಲ್ಕು ವರ್ಷವಾಗಿತ್ತು. ಯಾವ ಮೇವು ಹಾಕಿದರೆ ಬೂಷ್ಟು ಹೆಚ್ಚು ಕಿಣ್ವ ಬಿಡುತ್ತದೆ ಎಂಬುದೇ ಅವಳ ಸಂಶೋಧನೆ. ಮಾರ್ಚಿನಲ್ಲಿ ಒಂದು ಸಾಲು ಫ್ಲಾಸ್ಕುಗಳು ಬರೀ ಗೋಧಿ ಬೂಸಾದಲ್ಲಿ ಎಂದಿಗಿಂತ ಎರಡೂವರೆ ಪಟ್ಟು ಕಿಣ್ವ ಕೊಟ್ಟಿದ್ದವು. ಮಾರ್ಗದರ್ಶಕಿ ಪ್ರತಿಭಾ ಮೇಡಂ ಎಲ್ಲರಿಗೂ ಪೇಡಾ ಹಂಚಿ, ಲೇಖನವನ್ನು ಪತ್ರಿಕೆಗೆ ಕಳಿಸಿದ್ದರು. ಇನ್ನೊಮ್ಮೆ ಮಾಡಿ ತೋರಿಸಿ ಎಂದು ಪತ್ರಿಕೆಯವರು ಕೇಳಿದ ಮೇಲೆ ಬೂಷ್ಟು ಮುನಿಸಿಕೊಂಡಿತ್ತು.

ಫ್ಲಾಸ್ಕಿಗೆ ಬೂಸಾ ತುಂಬಿ, ಹಬೆಯಲ್ಲಿ ಬೇಯಿಸಿ ಕೊಡುವವನು ಅಟೆಂಡರ್ ತಿಮ್ಮಪ್ಪ. "ತಿಮ್ಮಪ್ಪಣ್ಣ, ಮಾರ್ಚಲ್ಲಿ ಹಾಕಿದ್ದು ಇದೇ ಚೀಲದ್ದಾ?" ಎಂದು ಕೇಳಿದಳು.

ಆತ ಫ್ಲಾಸ್ಕು ತೊಳೆಯುತ್ತಿದ್ದ ಬ್ರಶ್ಶನ್ನು ಸಿಂಕಿನಲ್ಲೇ ಬಿಟ್ಟು ಬಾಗಿಲ ಕಡೆ ನೋಡಿದ. "ಆಗ ನಲ್ಲಿ ಸೋರಿ ಚೀಲ ಎಲ್ಲಾ ನೆಂದೋಗಿತ್ತು ಕಣವ್ವಾ. ಮೇಡಂ ಬೈತಾರೆ ಅಂತ ನಮ್ಮನೆ ದನಕ್ಕೆ ಮಡಗಿದ್ದ ಬೂಸಾನೇ ತಂದು ಆಕ್ಬುಟ್ಟೆ. ಯಾರ್ಗೂ ಯೋಳ್ಬ್ಯಾಡ. ನಾನು ಕಾಂಟ್ರಾಕ್ಟಿನೋನು. ನಾಳೆಯಿಂದ ಬರಬ್ಯಾಡ ಅಂದ್ಬುಡ್ತಾರೆ."

ಆ ಬೂಸಾ ಎಂಥದ್ದೆಂದು ನೋಡಲು ಭಾನುವಾರ ಅವಳು ಬಸ್ಸು ಹತ್ತಿ ಗೊರೂರಿಗೆ, ತಿಮ್ಮಪ್ಪನ ಮನೆಗೆ ಹೋದಳು. ಅವನ ಹೆಂಡತಿ ಮಾಯಮ್ಮ ಕೊಟ್ಟಿಗೆಯ ಬಾನಿಯಲ್ಲಿ ಮೇವು ಕಲಸುತ್ತಿದ್ದಳು.

"ಬರೀ ಬೂಸಾ ಅಲ್ಲ ಕಣವ್ವ. ಎರಡು ಸೇರು ಬೂಸಾಕ್ಕೆ ಒಂದು ಸೇರು ಉಳ್ಳಿ ಒಟ್ಟು. ನಾಕು ಥರ ಬೆರೆಸಿ ನೋಡೀವ್ನಿ. ಒಟ್ಟು ಕಮ್ಮಿಯಾದ್ರೆ ಆಲು ಕಮ್ಮಿ. ಜಾಸ್ತಿಯಾದ್ರೆ ದನ ಉಬ್ಬರಿಸ್ಕತದೆ. ಯಾಕವ್ವ, ನೀನೂ ದನ ಕಟ್ಟಿದ್ದೀಯಾ?"

"ಇಲ್ಲ, ಬೂಷ್ಟು ಸಾಕಿದೀನಿ."

ಮಾಯಮ್ಮ ನಕ್ಕಳು. ತಿಮ್ಮಪ್ಪ ನಗಲಿಲ್ಲ.

ಆ ಅಳತೆಯಲ್ಲೇ ಹುರುಳಿ ಹೊಟ್ಟು ಬೆರೆಸಿ ಬೆಳೆಸಿದಾಗ ಮಾರ್ಚಿನ ಅಂಕಿ ತಿರುಗಿ ಬಂತು. ಮತ್ತೊಮ್ಮೆ ಮಾಡಿದಳು, ಆಗಲೂ ಬಂತು. ಹೊಟ್ಟಿನ ಮಾತೆತ್ತದೆ ಅಂಕಿಯನ್ನಷ್ಟೇ ಕಳಿಸಿದರೆ ಲೇಖನ ಅಚ್ಚಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡು ದಿನ ಆ ಅಂಕಿ ಬರೆದ ಹಾಳೆಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದಳು. ಮೂರನೇ ದಿನ ಮೇಡಂ ಕೋಣೆಗೆ ಹೋಗಿ, ತಿಮ್ಮಪ್ಪನ ಹೆಸರೆತ್ತದೆ ನಡೆದದ್ದನ್ನು ಹೇಳಿದಳು.

"ಫ್ಲಾಸ್ಕ್ ತುಂಬಿದ್ದು ಯಾರು?"

"ಏನು ತುಂಬಿದ್ದಾರೆ ಅಂತ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕಾದವಳು ನಾನು ಮೇಡಂ. ನೋಡದೆ ಹಾಕಿದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲೇಖನ ವಾಪಸ್ ತಗೊಂಡ್ರೆ ನಿನ್ನ ಥೀಸಿಸ್ ಒಂದು ವರ್ಷ ಹಿಂದೆ ಬೀಳುತ್ತೆ. ಫೆಲೋಶಿಪ್ ಡಿಸೆಂಬರಿಗೇ ಮುಗಿಯುತ್ತೆ. ಗೊತ್ತಲ್ಲ?"

"ಗೊತ್ತು."

ಲೇಖನ ವಾಪಸಾಯಿತು. ಮೇಡಂ ಒಂದು ತಿಂಗಳು ಅವಳೊಂದಿಗೆ ಬೇಕಾದಷ್ಟೇ ಮಾತಾಡಿದರು. ಮಲ್ಲಿಪಟ್ಟಣದಿಂದ ಫೋನ್ ಮಾಡಿದ ಅಪ್ಪ ತಮ್ಮಯ್ಯ, "ಇನ್ನೂ ಒಂದು ವರ್ಸಾನಾ?" ಎಂದು ಕೇಳಿ, "ಆಗ್ಲಿ ಬುಡು, ಓದು" ಎಂದ. ಅವಳು ಬೆಳಗಿನ ಹೊತ್ತು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಿ, ಮಧ್ಯಾಹ್ನ ಪ್ರಯೋಗಾಲಯಕ್ಕೆ ಬರತೊಡಗಿದಳು.

ಜನವರಿಯಲ್ಲಿ ಫ್ಲಾಸ್ಕುಗಳ ಹೊಸ ಸಾಲು ಶುರುವಾಯಿತು. ತಿಮ್ಮಪ್ಪ ಹೊಟ್ಟನ್ನು ಚಮಚದಲ್ಲಿ ತಕ್ಕಡಿಗೆ ಉದುರಿಸಿ, ಗಾಜಿನ ಬಾಗಿಲು ಸರಿಸಿ, ಅಂಕಿ ಕುಣಿಯುವುದು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಂತ.

"ಬಂದು ನೋಡವ್ವ," ಎಂದು ಕರೆದ. "ನೋಡ್ಬುಟ್ಟು ಆಮ್ಯಾಕೆ ಬರ್ಕೊ."