ರೆಕ್ಕೆಯ ಅಂಚು

"ಇವನ್ನ ಹಳದಿ ಡಬ್ಬಿಗೆ ಯಾಕ ಹಾಕೀರಿ? ಕೆಂಪು ಅದಾವಲ್ರಿ," ಎಂದಳು ರೇಖಾ.

ಹೊನ್ನೂರಸ್ವಾಮಿಯ ಕೈಯಲ್ಲಿದ್ದ ಚಿಮಟ ಅಲ್ಲೇ ನಿಂತಿತು. ಕೊಟ್ಟೂರಿನ ಶೇಂಗಾ ಕೀಟ ಸಮೀಕ್ಷೆಯ ಕಚೇರಿಗೆ ಗಂಡನ ಬುತ್ತಿ ತಂದಿದ್ದವಳು ಹಾಗೇ ಮೇಜಿನ ಮೇಲೆ ಬಗ್ಗಿ ನೋಡಿದ್ದಳು. ತೊಂಬತ್ತೆಂಟನೇ ಇಸವಿಯ ಮೊದಲ ಮಳೆಗೆ ಮಣ್ಣಿನಿಂದೆದ್ದು ದೀಪದ ಬಲೆಗೆ ಬಿದ್ದ ಪತಂಗಗಳು ಅವು. ಶೇಂಗಾ ಹೊಲವನ್ನು ಬೋಳಿಸುವ ಕಂಬಳಿಹುಳ ಹುಟ್ಟುವುದು ಇವುಗಳ ಮೊಟ್ಟೆಯಿಂದಲೇ. ಜಾತಿ ಮಾತ್ರ ಎರಡು. ಅದೇ ಬಿಳಿ ರೆಕ್ಕೆ, ಅದೇ ಕಂದು ಗೀರು. ಒಂದರ ರೆಕ್ಕೆಯಂಚಿಗೆ ಹಳದಿ ಗೆರೆ, ಇನ್ನೊಂದಕ್ಕೆ ಕೆಂಪು. ಆ ಗೆರೆ ನೋಡಿ ಅವನ್ನು ಎರಡು ಡಬ್ಬಿಗೆ ಬೇರ್ಪಡಿಸುವುದೇ ಅವನ ಕೆಲಸ. ಮದುವೆಯಾದ ಹೊಸತರಲ್ಲಿ ಅವಳಿಗೆ ಅದನ್ನು ತೋರಿಸಿಕೊಟ್ಟವನು ಅವನೇ.

ಅವನು ಪತಂಗವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಈಗೀಗ ಎಲ್ಲಾ ಬೂದಿ ಬಡದಂಗ ಕಾಣ್ತಾವ, ರೇಖಾ."

ಕ್ಷಯಕ್ಕೆ ಗುಳಿಗೆ ನುಂಗುತ್ತಿದ್ದ ಅವನು ಸೊರಗಿಹೋಗಿದ್ದ. ಕಣ್ಣಿಗೂ ಅದೇ ನಿಶ್ಶಕ್ತಿ ಎಂದುಕೊಂಡರು ಇಬ್ಬರೂ. ಕೆಲಸವಿನ್ನೂ ಕಾಯಂ ಆಗಿರಲಿಲ್ಲ. ಸಾಹೇಬರಾದ ನಾಗೇಂದ್ರಪ್ಪನವರಿಗೆ ಕಣ್ಣಿನ ವಿಷಯ ತಿಳಿದರೆ ಆ ಕುರ್ಚಿಯಲ್ಲಿ ಬೇರೊಬ್ಬರು ಬಂದು ಕೂರುತ್ತಿದ್ದರು.

"ಯಾರ ಮುಂದೂ ಹೇಳಬ್ಯಾಡ."

"ಹೇಳಂಗಿಲ್ರಿ. ನಾನು ಬಂದು ಕೂಡ್ತೀನಿ ಬಿಡ್ರಿ."

ಅಂದಿನಿಂದ ಅವಳು ಬುತ್ತಿಯ ನೆಪ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತು, "ಹಳದಿ... ಹಳದಿ... ಕೆಂಪು," ಎಂದು ಮೆಲ್ಲಗೆ ಹೇಳುತ್ತಿದ್ದಳು. ಅವನ ಕೈ ಆ ದನಿಯ ಹಿಂದೆ ಹೋಗುತ್ತಿತ್ತು. ನಾಗೇಂದ್ರಪ್ಪ ಒಮ್ಮೆ ಡಬ್ಬಿ ತೆರೆದು, "ಒಂದೂ ತಪ್ಪಿಲ್ಲ ನೋಡು," ಎಂದಾಗ ಅವಳಿಗೆ ಹೆಮ್ಮೆಯೇ ಆಯಿತು. ಹಾಗೆ ಭುಜಕ್ಕೆ ಭುಜ ತಾಗಿಸಿ ಅವರು ಕೂತು ಎಷ್ಟೋ ಕಾಲವಾಗಿತ್ತು. ಗುಳಿಗೆಯನ್ನಂತೂ ಒಂದು ಹೊತ್ತೂ ತಪ್ಪಿಸದೆ ಅವಳೇ ಅವನ ಅಂಗೈಗೆ ಇಡುತ್ತಿದ್ದಳು.

ಒಂದು ಬೆಳಿಗ್ಗೆ, ಎದುರಿಗೇ ನಿಂತಿದ್ದ ಅವಳನ್ನು ಅವನು, "ಯಾರದು?" ಎಂದು ಕೇಳಿದ.

ಬಳ್ಳಾರಿಯ ಕಣ್ಣಿನ ಡಾಕ್ಟರು ಔಷಧಿ ಚೀಟಿ ನೋಡಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಇದರಾಗಿನ ಒಂದು ಗುಳಿಗಿ ಅಪರೂಪಕ್ಕ ಕಣ್ಣಿನ ನರಕ್ಕ ಪೆಟ್ಟು ಕೊಡ್ತೈತಿ. ಮೊದಲು ಬಣ್ಣ ಗೊತ್ತಾಗಂಗಿಲ್ಲ. ಆವಾಗ್ಲೇ ಬಂದಿದ್ರ ಅದೊಂದನ್ನ ನಿಲ್ಲಿಸಿ ಕಣ್ಣು ಉಳಿಸಬಹುದಿತ್ತು. ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲೇನು?"

ರೇಖಾ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಅವನು, "ನಾನು ಯಾರ ಮುಂದೂ ಹೇಳಿದ್ದಿಲ್ರಿ," ಎಂದ.

ಊರಿಗೆ ಮರಳುವ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಇಳಿಬಿಸಿಲು ನೇರವಾಗಿ ಅವನ ಮುಖಕ್ಕೆ ಬಿತ್ತು. ಅವನು ಕಣ್ಣು ಕಿರಿದು ಮಾಡಲಿಲ್ಲ. ರೇಖಾ ಸೆರಗನ್ನೆತ್ತಿ ಕಿಟಕಿಗೆ ಅಡ್ಡ ಹಿಡಿದಳು. ಮುಂದಿನ ಊರು ಕೋಗಳಿ ಹಿಂದೆ ಬಿದ್ದರೂ ಕೈ ಇಳಿಸಲಿಲ್ಲ.