ಒಂದು ಮೊಳೆಯಷ್ಟು ಕಬ್ಬಿಣ

ವೆಲ್ಡಿಂಗ್ ಶಾಪಿನ ಯಜಮಾನನ ಮೈ ಎರಡು ವರ್ಷದಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೆಂಕಿಯ ಝಳ ಎಂದು ಅವನು ತಳ್ಳಿಹಾಕಿದ್ದ. ಬೆರಳ ಗಿಣ್ಣಿನ ನೋವನ್ನು ಸುತ್ತಿಗೆಯ ತಲೆಗೆ ಕಟ್ಟಿದ್ದ. ಸುಸ್ತಿಗೆಂದು ತಾನೇ ಕಬ್ಬಿಣಾಂಶದ ಟಾನಿಕ್ ತಂದು ಕುಡಿಯುತ್ತಿದ್ದ. ಈಗ ಸಕ್ಕರೆ ಕಾಯಿಲೆಯೂ ಬಂದಿತ್ತು.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕ ಅವನ ರಕ್ತದ ರಿಪೋರ್ಟ್ ಹಿಡಿದು ಶಾಪಿಗೇ ಬಂದಳು.

"ಮೊದಲು ಆ ಟಾನಿಕ್ ಬಾಟಲಿ ಕೊಡು."

"ಯಾಕಕ್ಕಾ? ಕಬ್ಬಿಣ ಅಂದ್ರೆ ಶಕ್ತಿ. ನನಗೇ ಕಬ್ಬಿಣದ ಪಾಠ ಹೇಳ್ತೀಯಾ?"

"ಗೇಟಿನ ಕಬ್ಬಿಣ ನಿಂದು, ಮೈಯೊಳಗಿಂದು ನಂದು. ನಿನ್ನ ಮೈಯಲ್ಲಿ ಅದು ವಿಪರೀತ ಸೇರಿದೆ."

"ಜಾಸ್ತಿಯಾದ್ರೆ ಮೂತ್ರದಲ್ಲಿ ಹೋಗುತ್ತೆ ಬಿಡು."

"ಹೋಗಲ್ಲ ಕಣೋ. ಹೆಚ್ಚಾದ ಕಬ್ಬಿಣ ಹೊರಗೆ ಹಾಕೋಕೆ ಮೈಗೆ ಬಾಗಿಲೇ ಇಲ್ಲ. ಅದಕ್ಕೇ ಮೈ ಊಟದಿಂದ ಬೇಕಾದಷ್ಟೇ ತಗೊಂಡು ಸಾಕು ಅನ್ನುತ್ತೆ. ನಿನ್ನ ಮೈಗೆ ಸಾಕು ಅನ್ನೋದು ಹುಟ್ಟಿನಿಂದಲೇ ಗೊತ್ತಿಲ್ಲ ಅಂದ್ರು ಡಾಕ್ಟ್ರು."

"ಎಷ್ಟು ಸೇರಿದೆ? ಒಂದು ಲಾರಿ ಲೋಡಾ?"

ಅಕ್ಕ ನೆಲದಿಂದ ಒಂದು ಮೊಳೆ ಎತ್ತಿ ಅವನ ಅಂಗೈಯಲ್ಲಿಟ್ಟಳು. "ಆರೋಗ್ಯವಾಗಿರೋರ ಇಡೀ ಮೈಯಲ್ಲಿ ಇರೋದು ಇಷ್ಟೇ. ರಕ್ತದ ಕೆಂಪು, ಉಸಿರು, ಎಲ್ಲ ಇದರಲ್ಲೇ ನಡೀಬೇಕು. ಇಂಥ ನಾಲ್ಕೈದು ಮೊಳೆ ಹೆಚ್ಚಾದ್ರೆ ಲಿವರ್, ಗಿಣ್ಣು, ಹೊಟ್ಟೆ ಹಿಂದಿರೋ ಮೇದೋಜೀರಕ ಗ್ರಂಥಿ, ಎಲ್ಲ ಕಡೆ ಕೂರುತ್ತೆ. ಇನ್ಸುಲಿನ್ ತಯಾರಾಗೋದು ಆ ಗ್ರಂಥಿಯಲ್ಲೇ. ಅದು ಹಾಳಾದ್ರೆ ಸಕ್ಕರೆ ಏರುತ್ತೆ."

ಟನ್ನುಗಟ್ಟಲೆ ಕಬ್ಬಿಣ ಕತ್ತರಿಸಿದವನು ಆ ಮೊಳೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಇಷ್ಟೇ ಕಬ್ಬಿಣದ ಮೇಲೆ ಮನುಷ್ಯನ ಜೀವ ನಿಂತಿದೆಯೇ? ಟಾನಿಕ್ ಬಾಟಲಿ ತಂದು ಅಕ್ಕನ ಕೈಗಿಟ್ಟ.

"ಏನು ಮಾಡೋದು?"

"ಆಗಾಗ ರಕ್ತ ತೆಗೀತಾರೆ. ಅದರ ಜೊತೆ ಕಬ್ಬಿಣವೂ ಹೋಗುತ್ತೆ."

"ಸಕ್ಕರೆ?"

"ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಮುಂದಿನ ಹಾನಿ ತಡೀಬಹುದು. ಆದ್ರೆ ಈ ಕಬ್ಬಿಣ ಸೇರೋ ಕಾಯಿಲೆ ಒಡಹುಟ್ಟಿದವರಿಗೂ ಇರಬಹುದು. ನಾನು ನೋಡಿಸ್ಕೊಂಡೆ, ನನಗಿಲ್ಲ."

ಇಬ್ಬರೂ ಮೂಲೆಯಲ್ಲಿ ಮೆಷಿನ್ನಿಗೆ ಸರಳು ಹಿಡಿದು ಉಜ್ಜುತ್ತಿದ್ದ ಕಿರಿಯ ತಮ್ಮನ ಕಡೆ ತಿರುಗಿದರು. ಯಜಮಾನ ಹೋಗಿ ಮೆಷಿನ್ ಆರಿಸಿದ.

"ಕೈ ತೊಳ್ಕೋ. ಆಸ್ಪತ್ರೆಗೆ ನಡಿ."

"ನನಗೇನಾಗಿದೆಯಣ್ಣಾ?"

"ಏನೂ ಆಗಿಲ್ಲ. ಅದಕ್ಕೇ ಈಗಲೇ ಬಾ."

ಕಿರಿಯವನ ರಕ್ತದಲ್ಲೂ ಕಬ್ಬಿಣ ಏರಿತ್ತು. ಸಕ್ಕರೆ ಇನ್ನೂ ಬಂದಿರಲಿಲ್ಲ. ಈಗ ಅಣ್ಣತಮ್ಮ ಒಟ್ಟಿಗೇ ಹೋಗಿ ರಕ್ತ ತೆಗೆಸಿಕೊಂಡು ಬರುತ್ತಾರೆ.

ನಿಮ್ಮ ಮನೆಯಲ್ಲೂ ಮೈಬಣ್ಣ ಕಂದಿ, ಗಿಣ್ಣು ನೋವು, ಸುಸ್ತಿನ ಜೊತೆ ಸಕ್ಕರೆ ಬಂದವರಿದ್ದರೆ, ಕಬ್ಬಿಣದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರನ್ನೂ ಕರೆದೊಯ್ಯಿರಿ. ರಕ್ತಹೀನತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ. ಯಾರೂ ಹೇಳದೆ ಕುಡಿಯುತ್ತಿರುವ ಟಾನಿಕ್ ಇದ್ದರೆ ಇವತ್ತೇ ಕೆಳಗಿಡಿ.